ಹುಳಿತದ್ದು, ಹಳಸಿದ್ದು

ಸೇಡಂ ಬಸ್ಸಿನ ಕಡೇ ಸೀಟಿನಲ್ಲಿ
ಕೂಸಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ತಂದೆ
ಇಲಾಖೆಯ ಒಂದೇ ಒಂದು ಸೂಕ್ಷ್ಮದರ್ಶಕ.
ಕಂಡಕ್ಟರ್ ಕೇಳಿದ: ಇದಕ್ಕೂ ಟಿಕೇಟ್ ಹರಿಯಲೇನ್ರಿ?

ಮೂರು ದಿನದ ತರಬೇತಿ.
ಪಟ್ಟಿಯಲ್ಲಿ ಮೂವತ್ತು, ಬಂದವರು ಹನ್ನೊಂದು:
ಡೇರಿಯ ಮಲ್ಕಪ್ಪ, ತೊಗರಿ ಮಿಲ್ಲಿನ ಇಬ್ಬರು,
ಬಿಸಿಯೂಟದ ಜಗದೇವಿ, ಅಂಗನವಾಡಿಯ ಖಮರುನ್ನಿಸಾ,
ಯಾರೂ ಕರೆಯದೆ ಬಂದ ಚಂದ್ರಭಾಗಾ;
ಕುರ್ಚಿ ಒಲ್ಲೆನೆಂದು ಶಾಬಾದಿ ಕಲ್ಲಿನ ಮೇಲೆಯೇ ಕೂತಳು.

ಹತ್ತೂವರೆಗೆ ಕರೆಂಟು ಹೋಯಿತು.
ನನ್ನ ಸ್ಲೈಡುಗಳೆಲ್ಲ ಇಂಗ್ಲಿಷಿನಲ್ಲಿದ್ದವು;
ಕತ್ತಲೆಯೇ ಅವನ್ನು ಕನ್ನಡಕ್ಕೆ ತಂದಿತೆನ್ನಬೇಕು.
ಖಮರುನ್ನಿಸಾ ವ್ಯಾನಿಟಿ ಬ್ಯಾಗಿನ ಕನ್ನಡಿ ತೆಗೆದು
ಕಿಟಕಿಯ ಬಿಸಿಲನ್ನು ಹಿಡಿದು
ಮಸೂರದ ಕೆಳಗೆ ಬಗ್ಗಿಸಿಕೊಟ್ಟಳು.

ತೊಗರಿ ಬೇರಿನ ಗಂಟು.
‘ರೋಗ ಅಂತ ಎಷ್ಟು ಗಿಡ ಕಿತ್ತೀವಿ’ ಎಂದ ಮಿಲ್ಲಿನವ.
ಉಗುರಲ್ಲಿ ಹಿಚುಕಿದರೆ ಒಳಗೆ ಕೆಂಪು.
ರಗತಾ?
ರಕ್ತದ ದೂರದ ನೆಂಟ, ಎಂದೆ.
ಆಮೇಲೆ ಯಾರೂ ಅದನ್ನು ಹಿಚುಕಲಿಲ್ಲ.

ಆಗ ಜಗದೇವಿ:
‘ನಿನ್ನಿ ಅಂಬಲಿ ಹುಳೀತಾದ, ನಿನ್ನಿ ಅನ್ನ ಹಳಸ್ತಾದ.
ಅದೇ ಮನಿ, ಅದೇ ರಾತ್ರಿ.
ಫರಕು ಏನ್ರಿ ಮೇಡಂ?’

ಆಮ್ಲ ಎಂದೆ, ಯಾರು ಮೊದಲು ಬಂದು
ಜಾಗ ಹಿಡಿಯುತ್ತಾರೆ ಅನ್ನುವುದು ಎಂದೆ.
ಹೇಳುತ್ತಿದ್ದಂತೆಯೇ ಹೊಳೆಯಿತು:
ಆರು ವರ್ಷದ ಓದಿನಲ್ಲಿ
ನನಗೆ ಯಾರೂ ಮೂಸುವುದನ್ನು ಕಲಿಸಿರಲಿಲ್ಲ.

ಚಂದ್ರಭಾಗಾ ಮೂಸುತ್ತಿದ್ದಳು. ಐದು ಲೋಟ ಹಾಲು,
ಕಣ್ಣು ಮುಚ್ಚಿ, ಒಂದೊಂದಾಗಿ:
ಇದು ಸಂಜೀದು, ಇದು ಎಮ್ಮಿದು,
ಇದಕ್ಕ ನೀರು ಬಿದ್ದಾದ. ಮಲ್ಕಪ್ಪ ತಲೆ ತಗ್ಗಿಸಿದ.
‘ಐದನೇದು ಛಲೋ ಅದ’ ಎಂದಳು.

ಐದನೆಯದನ್ನೂ ತಟ್ಟೆಗೆ ಹಾಕಿಟ್ಟೆವು.
ಸೇಡಮ್ಮಿನ ಸೆಕೆಯೇ ನಮ್ಮ ಇನ್‌ಕ್ಯುಬೇಟರು.
ಬೆಳಿಗ್ಗೆ ನೋಡಿದರೆ ಗುಲಾಬಿ ಚುಕ್ಕೆ,
ಚುಕ್ಕೆಯ ಪಕ್ಕಕ್ಕೆ ಚುಕ್ಕೆ, ಎಣಿಸಲಾರದಷ್ಟು.
ಬಹಳ ಹೊತ್ತು ದಿಟ್ಟಿಸಿದಳು.
‘ಹಂಗಾದ್ರ ನನ್ನ ಮೂಗು
ಇನ್ನೂ ಒಂದನೇ ಇಯತ್ತೆನೇ.’
ಯಾರೂ ನಗಲಿಲ್ಲ. ನಾನು ಎರಡನೆಯದರಲ್ಲಿದ್ದೆನೇನೋ.

ಕೊನೆಯ ದಿನ ಬಸ್‌ಸ್ಟ್ಯಾಂಡಿನ ತನಕ ಬಂದ ಜಗದೇವಿ
ಸೂಕ್ಷ್ಮದರ್ಶಕದ ಪೆಟ್ಟಿಗೆ ತಾನೇ ಹೊತ್ತಿದ್ದಳು.
‘ಹೋದ ವರ್ಷ, ಮೇಡಂ, ಒಂದು ಹಂಡೆ ಸಾಂಬಾರು ಚೆಲ್ಲೀನಿ.
ವಾಸನಿ ಇತ್ತೋ, ನನ್ನ ಅಂಜಿಕಿನೋ.
ಎರಡು ನೂರು ಹುಡುಗ್ರು, ಅವತ್ತು ಬರೇ ಅನ್ನ.
ಚೆಲ್ಲಿದ್ದು ಖರೇನೇ ಕೆಟ್ಟಿತ್ತೇನ್ರಿ?’

ಕಲಬುರಗಿಯ ಬಸ್ಸು ಬಂತು.
ಪೆಟ್ಟಿಗೆಯನ್ನು ಕಿಟಕಿಯಿಂದ ಒಳಗೆ ಕೊಟ್ಟು
ಉತ್ತರಕ್ಕೆಂದು ಅವಳು ಅಲ್ಲೇ ನಿಂತಿದ್ದಳು.