ಪ್ಲಾಸ್ಟರ್ ಕಾಲಿನ ಚಳಿಗಾಲ

ಹತ್ತೊಂಬತ್ತು ವರ್ಷ ದೋಲೋನ್ ಘಾಟಿಯಲ್ಲಿ ವ್ಯಾನು ಓಡಿಸಿದೆ,
ಹಿಮದಲ್ಲಿ, ಮಂಜಿನಲ್ಲಿ,
ಹಿಂದಿನ ಸೀಟಿನಲ್ಲಿ ಯಾರದೋ ಕುರಿ ಈದ ರಾತ್ರಿಯೂ.
ಏನೂ ಆಗಲಿಲ್ಲ.
ಕಾಲು ಮುರಿದದ್ದು ನಮ್ಮದೇ ಹೊಸ್ತಿಲಲ್ಲಿ,
ಒಲೆಯ ಬೂದಿ ಚೆಲ್ಲಲು ಹೋಗಿ.

ನಾರಿನ್ ಊರಿನಲ್ಲಿ ಈಗ ಮೈನಸ್ ಮೂವತ್ತು.
ವ್ಯಾನಿನ ಚಾವಿ ತಮ್ಮನ ಜೇಬಿನಲ್ಲಿ.
ನಾನು ಕಿಟಕಿಯ ಪಕ್ಕ, ಕಾಲು ಹಿಟ್ಟಿನ ಮೂಟೆಯ ಮೇಲೆ,
ಮನೆಯ ಸಾಮಾನುಗಳ ಲೆಕ್ಕಕ್ಕೆ ಹೊಸದಾಗಿ ಸೇರಿದವನು.

ಜಿಪಾರ್‌ಗುಲ್ ನೆಲದ ಮೇಲೆ ಶಿರ್ದಾಕ್ ಕತ್ತರಿಸುತ್ತಾಳೆ.
ನೆನೆಸಿ ತುಳಿದು ಗಟ್ಟಿಮಾಡಿದ ಕೆಂಪು ಉಣ್ಣೆ,
ಅದರ ಮೇಲೆ ಬಿಳಿಯದು,
ಕತ್ತರಿ ಎರಡಕ್ಕೂ ಒಟ್ಟಿಗೇ.
ಆಮೇಲೆ ಕೆಂಪಿನ ತೂತಿಗೆ ಬಿಳಿ, ಬಿಳಿಯ ತೂತಿಗೆ ಕೆಂಪು.
ಒಂದು ಚೂರೂ ದಂಡವಿಲ್ಲ.
ಇಷ್ಟು ವರ್ಷ ಇದರ ಮೇಲೆಯೇ ಉಂಡೆ, ಮಲಗಿದೆ;
ಮಾಡುವುದನ್ನು ನೋಡಿರಲಿಲ್ಲ.

ಮಗಳು ಐಜಿರೆಕ್ ಒಲೆಯ ಹಿಂದೆ,
ಗಾಜು ಬಿರಿದ ಟ್ಯಾಬ್ಲೆಟ್ಟಿನಲ್ಲಿ ಹಸಿರು ಕುದುರೆ ಬರೆಯುತ್ತಾಳೆ.
ಐದು ಕಾಲಾದರೆ ಒಂದು ಬೆರಳು, ಐದನೆಯದು ಮಾಯ.
"ಅಪ್ಪಾ, ತಪ್ಪಿದರೆ ಈ ಬಾಣ ಒತ್ತು, ಹಿಂದಕ್ಕೆ ಹೋಗುತ್ತೆ."
ಆ ಬಾಗಿದ ಬಾಣವನ್ನು ಬಹಳ ಹೊತ್ತು ನೋಡಿದೆ.
ಬೂದಿಯ ಬಕೆಟ್ಟು ನೆನಪಾಯಿತು.

ನಾಲ್ಕನೆಯ ವಾರ, ಬೇಸರಕ್ಕೆ, ಅವಳಿಂದ ಅದನ್ನು ಇಸಕೊಂಡೆ.
ಘಾಟಿಯ ದಾರಿ ಬರೆಯೋಣವೆಂದು.
ನನಗೆ ಗೊತ್ತಿರುವುದು ಅದೊಂದೇ.
ಬರಲಿಲ್ಲ.
ತಿರುವುಗಳು ಕಣ್ಣಿಗೆ ಗೊತ್ತಿರಲಿಲ್ಲ, ಬೆರಳಿಗೂ.
ಕುರಿಯ ಕರುಳಿನಂಥದ್ದೇನೋ ಮೂಡಿತು.
ಬಾಣ ಒತ್ತಿದೆ. ಮತ್ತೆ ಕರುಳು. ಮತ್ತೆ ಬಾಣ.

ಕೊನೆಗೆ ಕಣ್ಣು ಮುಚ್ಚಿ
ಎಡಗೈಯಲ್ಲಿ ಹಂಡೆಯ ಮುಚ್ಚಳ ಹಿಡಿದೆ, ಸ್ಟೀರಿಂಗಿನ ಹಾಗೆ.
ನೆಟ್ಟಗಿರುವ ಕಾಲು ಗಾಳಿಯಲ್ಲಿ ಬ್ರೇಕು ಹುಡುಕಿತು.
ಇಲ್ಲಿ ಎಡ.
ಇಲ್ಲಿ ಬಲ, ಗೇರು ಎರಡಕ್ಕೆ.
ಇಲ್ಲಿ ತೈಲಾಕನ ಲಾರಿ ಉರುಳಿದ ಜಾಗ,
ಒಂದು ಸಲ ಹಾರ್ನು, ಅವನಿಗೆ.
ಬಲಗೈ ಬೆರಳು ಗಾಜಿನ ಮೇಲೆ ತಾನಾಗಿ ನಡೆಯಿತು.
ಬಿರುಕು ಸಿಕ್ಕಲ್ಲಿ ಚೂರು ಎಗರಿತು;
ರಸ್ತೆಯೂ ಅಲ್ಲಿ ಹಾಗೆಯೇ ಇದೆ.

ಜಿಪಾರ್‌ಗುಲ್ ಹೆಗಲ ಮೇಲಿಂದ ಇಣುಕಿದಳು.
"ಇದು ಟಗರಿನ ಕೊಂಬು.
ನನ್ನಜ್ಜಿ ಹಾಕುತ್ತಿದ್ದ ಕೊಂಬು,
ಸ್ವಲ್ಪ ಕುಡಿದಿದೆ, ಅಷ್ಟೆ."

ಏನೋ ಹೇಳಬೇಕೆಂದಿದ್ದೆ, ಕರೆಂಟು ಹೋಯಿತು.
ಬ್ಯಾಟರಿ ಸತ್ತು, ವೈರಿನಲ್ಲೇ ಉಸಿರಾಡುವ ಯಂತ್ರ;
ಗಾಜು ಕಪ್ಪಾಯಿತು.
"ಸೇವ್ ಮಾಡಿದ್ದೆಯಾ?" ಮಗಳು ಕೇಳಿದಳು.
"ಹಾಗಂದರೆ?"

ಕತ್ತಲಲ್ಲಿ ಯಾರೂ ನಗಲಿಲ್ಲ, ಆಮೇಲೆ ಮೂವರೂ ನಕ್ಕೆವು.
ಹೆಂಡತಿ ಮೇಣದ ಬತ್ತಿ ಹಚ್ಚಿದಳು,
ನನ್ನನ್ನು ಮೂಟೆಯ ಸಮೇತ ನೆಲಕ್ಕಿಳಿಸಿದಳು,
ಒಂದು ಕೈಗೆ ಸವೆದ ಸೋಪಿನ ಚಕ್ಕೆ, ಇನ್ನೊಂದಕ್ಕೆ ಮುಚ್ಚಳ.
"ಹೊರಡು."

ಮತ್ತೆ ಓಡಿಸಿದೆ.
ಉಣ್ಣೆಯ ಮೇಲೆ ಸೋಪಿನ ಗೆರೆ ಮುಂದೆ,
ಅವಳ ಕತ್ತರಿ ಹಿಂದೆ, ಕರಕರ ಕರಕರ.
"ನಿಧಾನ ಡ್ರೈವರೇ, ಹಿಂದೆ ಜನ ಇದ್ದಾರೆ."

ತೈಲಾಕನ ತಿರುವಿನಲ್ಲಿ ಕೈ ನಡುಗಿತು.
ಗೆರೆ ರಸ್ತೆ ಬಿಟ್ಟು ಹೊರಗೆ ಹೋಯಿತು,
ಕತ್ತರಿಯೂ ಅದರ ಬೆನ್ನಿಗೇ ಹೋಯಿತು.
ನಾನು ಬಾಣ ಹುಡುಕಿದೆ, ನಿಜವಾಗಿಯೂ,
ಹೆಬ್ಬೆರಳಿನಿಂದ, ಉಣ್ಣೆಯ ಮೇಲೆ.
"ಹಾಳಾಯಿತು," ಎಂದೆ.
"ಎಲ್ಲಿ?" ಎಂದಳು. "ಬಿಳಿಯಲ್ಲಿ ಎಷ್ಟು ತಪ್ಪಿದೆಯೋ
ಕೆಂಪಿನಲ್ಲೂ ಅಷ್ಟೇ ತಪ್ಪಿದೆ. ಕೂಡುತ್ತೆ."
ಕೂಡಿಸಿ ತೋರಿಸಿದಳು.
ಕೂಡಿತು.

ಕರೆಂಟು ಬಂದಾಗ ಐಜಿರೆಕ್ ಅದರ ಫೋಟೋ ತೆಗೆದು
ಮೇಲೆ ತನ್ನ ಹಸಿರು ಕುದುರೆ ನಿಲ್ಲಿಸಿದಳು,
ಪೆಟ್ರೋಲ್ ಬಂಕು ಇರಬೇಕಾದ ಕಡೆ.
ಚೆನ್ನಾಗಿಯೇ ಕಂಡಿತು.

ಹೊಲಿಗೆ ಇನ್ನೂ ಮುಗಿದಿಲ್ಲ. ಪ್ಲಾಸ್ಟರ್ ಕೂಡ ಇದೆ.
ನಿನ್ನೆ ತಮ್ಮ ಟೈರಿನ ಸರಪಳಿ ಕೇಳಲು ಬಂದವನು
ಬೂಟಿನಲ್ಲೇ ಒಳಗೆ ಬಂದು ಉಣ್ಣೆಯ ಮೇಲೆ ನಿಂತ.
"ಅಲ್ಲಿ ನಿಲ್ಲಿಸಬೇಡವೋ," ಎಂದು ಕೂಗಿದೆ,
"ತಿರುವು ಅದು."