ಆಗದೇ ಹೋದದ್ದರ ವರದಿ

ಪುಂತಾ ಅರೇನಾಸ್‌ನಲ್ಲಿ ಗಾಳಿ ಎದ್ದ ದಿನ
ಚೌಕದ ಮೂಲೆಗಳಿಗೆ ಹಗ್ಗ ಕಟ್ಟುತ್ತಾರೆ.
ಮುದುಕರು, ಶಾಲೆಯ ಮಕ್ಕಳು, ಬ್ಯಾಂಕಿನ ಗುಮಾಸ್ತ,
ಎಲ್ಲರೂ ಅದನ್ನೇ ಹಿಡಿದು ರಸ್ತೆ ದಾಟುತ್ತಾರೆ.
ಅದರಲ್ಲಿ ನಾಚಿಕೆಯೇನಿಲ್ಲ.
ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಕಾಗುತ್ತದೆ.

ಬೆಳಗಿನ ಜಾವ ನಾಲ್ಕು ಹತ್ತು. ಆರನೇ ಹಾಸಿಗೆ.
ಎಲೆಯುತೇರಿಯೊ ಬಾರ್ರಿಯಾ, ಏಡಿ ಹಿಡಿಯುವ ದೋಣಿಯವನು,
ವೆಂಟಿಲೇಟರಿನ ಮೇಲೆ ಒಂಬತ್ತನೇ ದಿನ.
ತಲೆಯ ಕಡೆ ಮೂವತ್ತು ಡಿಗ್ರಿ ಎತ್ತರ,
ಎರಡು ಗಂಟೆಗೊಮ್ಮೆ ಮಗ್ಗುಲು,
ಬಾಯಿ ಒರೆಸಿದ್ದು, ಹಿಮ್ಮಡಿ ನೋಡಿದ್ದು, ಎಲ್ಲ ಬರೆದಿದೆ.
ಅಂಗೈಯಲ್ಲಿ ಏಡಿಬೋನಿನ ಹಗ್ಗ ಕೊರೆದ ಗೆರೆಗಳು,
ತೊಳೆದು ತೊಳೆದು ನನಗೀಗ ಬಾಯಿಪಾಠ.

ಮೂರು ಪಂಪು ಕೂಗುತ್ತಿದ್ದವು, ಎರಡು ಸುಮ್ಮಸುಮ್ಮನೆ.
ಇಪ್ಪತ್ತೆರಡು ವರ್ಷದಲ್ಲಿ ಈ ಕಿವಿ ಕಲಿತದ್ದು
ಕೇಳುವುದನ್ನಲ್ಲ, ಕೇಳಿಸಿಕೊಳ್ಳದಿರುವುದನ್ನು.
ನಳಿಗೆ ತೊಳೆಯಲು ಸಲೈನ್ ಬೇಕಿತ್ತು, ಹತ್ತು ಮಿಲಿ.
ಕೈ ಖಾನೆಯಲ್ಲಿ, ಕಣ್ಣು ಮಾನಿಟರಿನ ಹಸಿರು ಗೆರೆಯಲ್ಲಿ.
ಗಾಜಿನ ಕತ್ತು ಮುರಿದೆ, ಸಿರಿಂಜಿಗೆ ಎಳೆದೆ,
ಬೆರಳಲ್ಲಿ ತಟ್ಟಿ ಗುಳ್ಳೆ ತೆಗೆದೆ.
ಒಂದು ಹೆಜ್ಜೆಯೂ ತಪ್ಪಲಿಲ್ಲ,
ಹೊರಟ ದಾರಿಯೊಂದು ಬಿಟ್ಟು.

‘ಚೀಟಿ ಜೋರಾಗಿ ಓದ್ತೀರಾ?’ ಅಂದಳು ಅಯ್ಲಿನ್.
ಬಂದು ಮೂರು ವಾರ. ಚಿಲೊಯೆ ದ್ವೀಪದ ಹುಡುಗಿ,
ಏನು ಹೇಳಿದರೂ ಕ್ಷಮೆ ಕೇಳಿದಂತಿರುತ್ತದೆ ಅವಳ ಮಾತು.
ನನಗೆ ಸಿಟ್ಟು ಬಂತು.
ಅದನ್ನೂ ಬರೆಯಬೇಕಿತ್ತು, ಫಾರಮಿನಲ್ಲಿ ಜಾಗವಿಲ್ಲ.
ಇವಳು ಹುಟ್ಟುವ ಮೊದಲಿಂದ ನಾನು ಇಲ್ಲಿ... ಅಂದುಕೊಳ್ಳುತ್ತಲೇ
ಒಡೆದ ಗಾಜನ್ನು ದೀಪಕ್ಕೆ ಹಿಡಿದು ಓದಿದೆ:
ಪೊಟ್ಯಾಸಿಯಂ ಕ್ಲೋ

ಅಲ್ಲಿಗೇ ನಿಂತಿತು.
ನಿಂತದ್ದು ನನ್ನ ದನಿ ಮಾತ್ರ.

ಅದೇ ಅಳತೆ, ಅದೇ ತಿಳಿ, ಅದೇ ನೀಲಿ ಅಕ್ಷರ.
ಒಂದು ನೀರು. ಇನ್ನೊಂದು ನೀರಿನಂತೆಯೇ.
ಅಂಗೈ ಹುಣ್ಣಿಗೆ ಕನ್ನಡಿ ಬೇಡವೆನ್ನುತ್ತಾರೆ.
ಬೇಕು.
ಅಂಗೈಯಲ್ಲಿ ಇದ್ದದ್ದೇ ನನಗೆ ಕಾಣಲಿಲ್ಲ.
ಹಗ್ಗ ಹಿಡಿಯಲು ನಾಚಿದವಳು
ಈ ಊರಲ್ಲಿ ನಾನೊಬ್ಬಳೇ ಇರಬೇಕು.

ಸಿರಿಂಜು ಹಳದಿ ಡಬ್ಬಕ್ಕೆ ಹೋಯಿತು.
ಎಲೆಯುತೇರಿಯೊನ ಎದೆ ಏರಿತು, ಇಳಿಯಿತು, ಯಂತ್ರದ ಲೆಕ್ಕದಲ್ಲಿ.
‘ಏನೂ ಆಗಲಿಲ್ಲವಲ್ಲ, ಬಿಡಿ’ ಅಂದರು ಡಾಕ್ಟರ್ ಮಾರುಸಿಚ್,
ಒಳ್ಳೆಯ ಮನಸ್ಸಿಂದಲೇ.
ಫಾರಂ ತುಂಬಿದೆ.
ರೋಗಿಗಾದ ಹಾನಿ: ಇಲ್ಲ.
ತಡೆದವರು: ಅವಳ ಹೆಸರು, ಪೂರ್ತಿ, ಸ್ಪಷ್ಟ ಅಕ್ಷರದಲ್ಲಿ.
ಮಾಡಿದವರು: ಅಲ್ಲಿ ಪೆನ್ನು ಸ್ವಲ್ಪ ಹೊತ್ತು
ಶಾಯಿ ಮುಗಿದಂತೆ ನಟಿಸಿತು.

ಏಳೂವರೆಗೆ ಮಗಳು ಯೆರ್ಕಾ ಬಂದಳು,
ಮೀನಿನ ಕಾರ್ಖಾನೆಯ ಪಾಳಿಗೆ ಮೊದಲು, ರಬ್ಬರ್ ಬೂಟಿನಲ್ಲೇ.
‘ರಾತ್ರಿ ಹೇಗಿತ್ತು?’
‘ಶಾಂತವಾಗಿತ್ತು’ ಅಂದೆ.
ಹನ್ನೆರಡು ಹೆಜ್ಜೆ ನಡೆದೆ, ಎಣಿಸಿಕೊಂಡೇ.
ಹಿಂತಿರುಗಿ ಬಂದು ಕೂರಿಸಿ ಹೇಳಿದೆ.
ಔಷಧದ ಹೆಸರು, ಹೊತ್ತು, ಕೈ ಯಾರದೆಂದು.

ಅವಳು ಅಪ್ಪನ ಕಾಲ್ಬೆರಳನ್ನು ಹೊದಿಕೆಯ ಮೇಲಿಂದಲೇ
ಹಿಡಿದುಕೊಂಡಳು. ತುಂಬ ಹೊತ್ತು.
ಬಯ್ಯಲಿ ಅಂದುಕೊಂಡೆ. ಬಯ್ಯಬಾರದೆ.
‘ಆ ಹುಡುಗಿ ಎಲ್ಲಿ?’ ಅಂದಳು.
ಅಯ್ಲಿನ್ ಆಗಲೇ ಮನೆಗೆ ಹೊರಟಿದ್ದಳು, ಆ ಗಾಳಿಯಲ್ಲಿ.

ಗುರುವಾರ ಸಭೆ ಸೇರಿತು.
ಯಾರು ಎಂದು ಕೇಳಲಿಲ್ಲ, ಯಾವ ಖಾನೆ ಎಂದು ಕೇಳಿದರು.
ಪೊಟ್ಯಾಸಿಯಂ ಈಗ ಬೀಗದ ಕಪಾಟಿನಲ್ಲಿ,
ಕೆಂಪು ಪಟ್ಟಿ, ಇಬ್ಬರ ಸಹಿ.
ಎಲೆಯುತೇರಿಯೊ ಹದಿನಾಲ್ಕನೇ ದಿನ ತಾನೇ ಉಸಿರೆಳೆದ,
ಕೆಮ್ಮಿದ, ಮೊದಲ ಮಾತಿಗೇ ಕಾಫಿ ಕೇಳಿದ.
ಅವನಿಗೆ ಮಗಳು ಹೇಳಿದಳೋ ಇಲ್ಲವೋ, ನಾನು ವಿಚಾರಿಸಿಲ್ಲ.

ಈಗಲೂ ನಾಲ್ಕರ ನಿದ್ದೆಗಣ್ಣಲ್ಲಿ
ಕೈ ಹಳೆಯ ಖಾನೆಗೇ ಹೋಗುತ್ತದೆ.
ಖಾಲಿ ತಗಡು, ತಣ್ಣಗೆ.
ಸ್ವಲ್ಪ ಹೊತ್ತು ಅಲ್ಲೇ ಇರಗೊಡುತ್ತೇನೆ ಬೆರಳುಗಳನ್ನು.