ಸಂಬಂಧ: ಒಂದಕ್ಕೆ ಮಾತ್ರ ಗುರುತು ಹಾಕಿ

ಸಾವಿನ ರಜೆಯ ಅರ್ಜಿ ತಿಳಿ ಹಳದಿ ಬಣ್ಣದ್ದು.
ತಾಯಿ, ತಂದೆ, ಗಂಡ ಅಥವಾ ಹೆಂಡತಿ, ಒಡಹುಟ್ಟು, ಮಗು,
ಐದು ಚೌಕ. ಅಷ್ಟರೊಳಗೆ ಸತ್ತರೆ
ಮೂರು ದಿನ.

ಕಾರ್ಲೀನ್ ಲಿಂಕ್ಲೇಟರ್ ಬಂದ ದಿನ ಸಸ್ಕಟೂನಿನಲ್ಲಿ ಮೈನಸ್ ಮೂವತ್ತೊಂದು.
ರೆಪ್ಪೆಯ ಮೇಲೆ ಕೂತಿದ್ದ ಹಿಮ ಒಳಗೆ ಬಂದ ಮೇಲೆ ಕರಗಿತು;
ಅಳುತ್ತಿದ್ದಾಳೋ ಇಲ್ಲವೋ ಗೊತ್ತಾಗಲಿಲ್ಲ.
ಎರಡನೇ ವರ್ಷ, ಮಣ್ಣಿನ ವಿಜ್ಞಾನ, ಶುಕ್ರವಾರ ಪರೀಕ್ಷೆ.
'ಯಾರು?' ಅಂದೆ.
'ನಿಕಾವೀಸ್,' ಅಂದಳು, ನಮ್ಮ ಕ್ರೀ ಮಾತಿನಲ್ಲಿ. ಚಿಕ್ಕಮ್ಮ.
ಆ ಪದದೊಳಗೇ ಅಮ್ಮ ಇದ್ದಾಳೆ, ತುಸು ಕುಳ್ಳಗೆ.
ಇಂಗ್ಲಿಷಿಗೆ ತಂದೊಡನೆ ಎದ್ದು ಮನೆಯಾಚೆ ನಡೆದುಬಿಡುತ್ತಾಳೆ:
ಆಂಟ್. ಚೌಕವಿಲ್ಲ.

ನಾನು ಈ ಮೇಜಿನ ಹಿಂದೆ ಕೂತು ಒಂಬತ್ತು ವರ್ಷ.
ಬಾಗಿಲಿಗೆ 'ಮೂಲನಿವಾಸಿ ವಿದ್ಯಾರ್ಥಿಗಳ ನೆರವು ಕೇಂದ್ರ' ಎಂಬ ಹಲಗೆ,
ಒಳಗೊಂದು ಸೋಫಾ, ಸೂಪಿನ ಪಾತ್ರೆ, ಆಗಾಗ ಕಾಗದ ನುಂಗುವ ಪ್ರಿಂಟರು,
ಯಾರೋ ಬಿಟ್ಟುಹೋದ ಎಡಗೈ ಗವಸು.
ನೆರವು ಅಂದರೇನು ಎಂದು ವರ್ಷಕ್ಕೊಮ್ಮೆ ವರದಿ ಬರೆಯುತ್ತೇನೆ.
ವರದಿಯಲ್ಲಿ ಬರೆಯದ್ದು:
ನನ್ನ ಅಜ್ಜನ ತಮ್ಮ ಹೋದಾಗ ನಾನೂ ಎರಡನೇ ವರ್ಷದಲ್ಲಿದ್ದೆ.
ಯಾರನ್ನೂ ಕೇಳದೆ ಹೊರಟೆ. ಎರಡು ರಾತ್ರಿ ಹೆಣ ಕಾದೆ,
ಬಂದವರಿಗೆಲ್ಲ ಚಹಾ ಕಾಯಿಸಿದೆ.
ತಿರುಗಿ ಬಂದರೆ ನನ್ನ ಹೆಸರಿನ ಮುಂದೆ ಸೊನ್ನೆಗಳು,
ಮೊಟ್ಟೆಯಿಟ್ಟ ಹಾಗೆ, ಸಾಲಾಗಿ.
ಅವು ಒಡೆಯಲು ಹನ್ನೊಂದು ವರ್ಷ ಹಿಡಿಯಿತು.

ಪೆನ್ನು ತೆಗೆದು 'ತಾಯಿ'ಗೆ ಗುರುತು ಹಾಕಿದೆ.
ಕಾರ್ಲೀನ್ ನೋಡಿದಳು, ಮಾತಾಡಲಿಲ್ಲ.

ಉತ್ತರಕ್ಕೆ ಹೋಗುವ ಬಸ್ಸು ನಿಂತು ವರ್ಷಗಳಾಗಿವೆ.
ಹಿಮಬಂಡಿಯ ಬಿಡಿಭಾಗ ಒಯ್ಯಲು ಬಂದಿದ್ದ ಆಂಗಸ್ ಬ್ಯಾಲಂಟೈನನ ಟ್ರಕ್ಕಿನಲ್ಲಿ
ಸ್ಪಾರ್ಕ್ ಪ್ಲಗ್ಗಿನ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು
ಏಳು ತಾಸು ಹೋದಳು.
ಬಂದದ್ದು ಐದನೆಯ ದಿನ. ಜಾಕೆಟ್ಟಿನ ತುಂಬ ಹೊಗೆಯ ವಾಸನೆ,
ಮಾರ್ಗರೀನ್ ಡಬ್ಬಿಯಲ್ಲಿ ನನಗೆಂದು ಮೂಸ್ ಮಾಂಸ.
ಪರೀಕ್ಷೆಯನ್ನು ಈ ಸೋಫಾದ ಪಕ್ಕದಲ್ಲೇ ಬರೆದಳು.
ಪ್ರಶ್ನೆ ನಾಲ್ಕು: ಉತ್ತರದ ಕಾಡಿನ ಮಣ್ಣಿನ ಪದರಗಳನ್ನು ವಿವರಿಸಿ.
ಕಲ್ಲಾದ ನೆಲಕ್ಕೆ ಬೆಂಕಿ ಹಾಕಿ, ಮೆತ್ತಗಾಗಿಸಿ,
ಮೊನ್ನೆ ತಾನೇ ಅಗೆದಿದ್ದರು. ಅಂಚಿನಲ್ಲಿ ನಿಂತು ನೋಡಿದ್ದಳು:
ಮೇಲೆ ಕಪ್ಪು, ಕೆಳಗೆ ಬೂದಿಬಣ್ಣ, ಅದರ ಕೆಳಗೆ ಕೆಂಪು.
ಹತ್ತಕ್ಕೆ ಒಂಬತ್ತು.

ಅಕ್ಟೋಬರಿನಲ್ಲಿ ಇನ್ನೊಬ್ಬ ಚಿಕ್ಕಮ್ಮ. ತಾಯಿ.
ಮಾರ್ಚಿನಲ್ಲಿ ದೊಡ್ಡಮ್ಮ. ತಾಯಿ.

ಆಡಳಿತ ಕಚೇರಿಯಿಂದ ಫೋನು. ಒಳ್ಳೆಯ ಮನುಷ್ಯ,
ಎರಡು ಸಲ ಗಂಟಲು ಸರಿಮಾಡಿಕೊಂಡ.
'ಕ್ಷಮಿಸಿ, ಈ ಹುಡುಗಿಯ ತಾಯಿ
ಮೂರು ಬಾರಿ ತೀರಿಕೊಂಡಿದ್ದಾರೆ.'
'ಹೌದು,' ಅಂದೆ. 'ಪಾಪ.
ಇನ್ನು ಇಬ್ಬರೇ ಉಳಿದಿರೋದು.'
ಆ ಕಡೆಯಿಂದ ಬಹಳ ಹೊತ್ತು
ಹೀಟರಿನ ಸದ್ದು ಮಾತ್ರ.

ಸಮಿತಿ ಆಯಿತು. ನಾಲ್ಕು ಸಭೆ, ಬಿಸ್ಕತ್ತು.
ಈಗ ಅರ್ಜಿ ತಿಳಿ ಹಸಿರು. ಆರನೆಯ ಚೌಕ ಬಂದಿದೆ:
'ಇತರೆ, ವಿವರಿಸಿ'. ಪಕ್ಕದಲ್ಲಿ ಒಂದು ಗೆರೆ.
ಸ್ಕೇಲಿಟ್ಟು ಅಳೆದೆ, ಆರು ಸೆಂಟಿಮೀಟರ್.
ಅಕ್ಷರ ಸಣ್ಣ ಮಾಡಿದರೆ ಒಬ್ಬ ಚಿಕ್ಕಮ್ಮ ಹಿಡಿಸುತ್ತಾಳೆ,
ಅವಳ ಕೆಮ್ಮು, ಅವಳು ಹೊಲಿದ ಚರ್ಮದ ಮೆಟ್ಟು ಬಿಟ್ಟು.

ಇವತ್ತು ಬಾಗಿಲಲ್ಲಿ ಹೊಸ ಹುಡುಗ, ಟೊಪ್ಪಿ ಕೈಯಲ್ಲಿ.
ಮೊದಲು ಸೂಪು ಕೊಟ್ಟೆ, ಆಮೇಲೆ ಹಸಿರು ಕಾಗದ.
ಗೆರೆಯ ಮೇಲೆ ಪೆನ್ನೂರಿ ಕೂತೇ ಇದ್ದ.
'ನನ್ನನ್ನ ಸಾಕಿದವನು, ಅಷ್ಟೇ. ರಕ್ತಸಂಬಂಧ ಇಲ್ಲ.
ಅದಕ್ಕೇನು ಬರೀಲಿ?'

ಗೆರೆ ಮುಗಿದ ಮೇಲೂ ಕಾಗದ ಇರುತ್ತೆ, ಅಂದೆ.
ಬರೀತಾ ಹೋಗು.